ಯಂತ್ರವೇ ಬರೆಯುವ ಅವಲಂಬನೆಯ ಚೀಟಿ: ತಂತ್ರಾಂಶವನ್ನು ಕಟ್ಟಿದ್ದು ಎಲ್ಲಿ, ಯಾವುದರ ಮೇಲೆ?

ಹೊಸಪೇಟೆ: ತುಂಗಭದ್ರಾ ಜಲಾಶಯದ 33 ಕ್ರಸ್ಟ್‌ಗೇಟ್‌ಗಳ ಪೈಕಿ 19ನೆಯದರ ಸರಪಳಿ 2024ರ ಆಗಸ್ಟ್ 10ರ ರಾತ್ರಿ ತುಂಡಾಗಿ ಗೇಟು ನದಿಯ ಪಾಲಾಯಿತು. ಬಹುತೇಕ ತುಂಬಿದ್ದ ಜಲಾಶಯದಿಂದ ನೀರು ಹತೋಟಿ ಮೀರಿ ಹರಿಯುತ್ತಿರುವಾಗಲೇ 60 ಅಡಿ ಉದ್ದದ, ತಲಾ 4 ಅಡಿ ಎತ್ತರದ ಐದು ಉಕ್ಕಿನ ತುಂಡುಗಳನ್ನು ಸಿದ್ಧಪಡಿಸಿ, ಒಂದರ ಮೇಲೊಂದರಂತೆ ಇಳಿಸಿ, ಆಗಸ್ಟ್ 17ರ ಹೊತ್ತಿಗೆ ಆ ಕಿಂಡಿಯನ್ನು ಮುಚ್ಚಲಾಯಿತು. ಏಳು ದಶಕಗಳ ಹಿಂದೆ ಕಟ್ಟಿದ ಕಂಬಗಳ ನಡುವಣ ಅಳತೆಗೆ ಅಂದು ತಯಾರಾದ ಉಕ್ಕು ಹೊಂದಲೇಬೇಕಿತ್ತು. ಹೊಂದದೆ ಹೋಗಿದ್ದರೆ ಉಕ್ಕು ಎಷ್ಟೇ ಗಟ್ಟಿಯಾಗಿದ್ದರೂ ಪ್ರಯೋಜನವಿರುತ್ತಿರಲಿಲ್ಲ.

ಕಣ್ಣಿಗೆ ಕಾಣುವ ಅಣೆಕಟ್ಟೆಯಲ್ಲಿ ಇಂಥ ಹೊಂದಾಣಿಕೆಯ ಮಹತ್ವ ಯಾರಿಗಾದರೂ ತಿಳಿಯುತ್ತದೆ. ಆದರೆ ಪಹಣಿಯಿಂದ ಪರೀಕ್ಷಾ ಫಲಿತಾಂಶದವರೆಗೆ ಇಂದು ಜನಜೀವನ ನಿಂತಿರುವುದು ಗಣಕಯಂತ್ರದೊಳಗಿನ ಕಾಣದ ಕಟ್ಟಡಗಳ ಮೇಲೆ. ಯಾವ ತಂತ್ರಾಂಶವೂ ಒಂಟಿಯಾಗಿ ನಿಲ್ಲುವುದಿಲ್ಲ. ಅಕ್ಷರ ಮೂಡಿಸಲು ಒಂದು, ಕಡತ ಕುಗ್ಗಿಸಲು ಮತ್ತೊಂದು, ಗುಟ್ಟು ಕಾಪಾಡಲು ಇನ್ನೊಂದು ಎಂದು ಅದು ಹತ್ತಾರು ಬೇರೆ ತಂತ್ರಾಂಶಗಳ ಹೆಗಲ ಮೇಲೆ ಕುಳಿತಿರುತ್ತದೆ. ಅವುಗಳ ಯಾವ ಆವೃತ್ತಿ ಬೇಕು, ಯಾವುದು ಒಗ್ಗದು ಎಂಬುದೇ ಆವೃತ್ತಿಯ ಅವಲಂಬನೆ. ಈ ಅವಲಂಬನೆಯನ್ನು ನಿರ್ಧರಿಸುವವರು ಯಾರು, ಯಾವಾಗ ಎಂಬ ಪ್ರಶ್ನೆಗೆ ಬಹುಮಂದಿ ಕೊಡುವ ಉತ್ತರ 'ತಂತ್ರಾಂಶ ಬರೆದವರು' ಎಂಬುದಾಗಿದೆ. ಅದು ಅರ್ಧ ಸತ್ಯ ಮಾತ್ರ. ಉಳಿದರ್ಧವನ್ನು ನಿರ್ಧರಿಸುವುದು ಮೂಲದಿಂದ ತಂತ್ರಾಂಶವನ್ನು ಕಟ್ಟಿದ ಯಂತ್ರ. ಸರ್ಕಾರಿ ಕಚೇರಿಗಳು, ವಿಶ್ವವಿದ್ಯಾಲಯಗಳು ತಂತ್ರಾಂಶವನ್ನು ಸಿದ್ಧರೂಪದಲ್ಲಷ್ಟೇ ಪಡೆದು ಸುಮ್ಮನಾಗುತ್ತಿರುವ ಈ ಹೊತ್ತಿನಲ್ಲಿ ಆ ಉಳಿದರ್ಧವನ್ನು ಅರಿಯುವುದು ಅಗತ್ಯವಾಗಿದೆ.

ಮೂಲದಿಂದ ಪ್ಯಾಕೇಜ್‌ವರೆಗೆ

ತಂತ್ರಾಂಶವನ್ನು ಮನುಷ್ಯರು ಬರೆಯುವುದು ಓದಬಲ್ಲ ಪಠ್ಯದ ರೂಪದಲ್ಲಿ. ಸೋರ್ಸ್ ಕೋಡ್ ಎಂದು ಕರೆಯುವ ಮೂಲ ಸಂಕೇತ ಇದೇ. ಅದನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ಪರಿವರ್ತಿಸುವ ಕೆಲಸವನ್ನು ಕಂಪೈಲರ್ ಮಾಡುತ್ತದೆ. ಹೀಗೆ ಸಿದ್ಧವಾದ ಕಡತಗಳನ್ನು ಒಟ್ಟುಗೂಡಿಸಿ, ಮೇಲೊಂದು ಚೀಟಿ ಅಂಟಿಸಿ ಕೊಡುವುದೇ ಪ್ಯಾಕೇಜ್. ಚೀಟಿಯಲ್ಲಿ ತಂತ್ರಾಂಶದ ಹೆಸರು, ಅದರ ಆವೃತ್ತಿ ಹಾಗೂ ಅದು ಓಡಲು ಬೇಕಾದ ಇತರ ಪ್ಯಾಕೇಜ್‌ಗಳ ಪಟ್ಟಿ ಇರುತ್ತದೆ.

1993ರಲ್ಲಿ ಆರಂಭವಾದ ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಈ ಪದ್ಧತಿಯನ್ನು ಶಿಸ್ತಿಗೆ ಒಳಪಡಿಸಿದವುಗಳಲ್ಲಿ ಪ್ರಮುಖವಾದುದು. 2004ರಲ್ಲಿ ಹೊರಬಂದ ಉಬುಂಟು ಹಾಗೂ ಭಾರತ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ಬಾಸ್ ಲಿನಕ್ಸ್, ಇವೆರಡೂ ಡೆಬಿಯನ್‌ನ ತಳಹದಿಯ ಮೇಲೆಯೇ ನಿಂತಿವೆ. ಹೀಗಾಗಿ ಡೆಬಿಯನ್‌ನಲ್ಲಿ ಪ್ಯಾಕೇಜ್ ಹೇಗೆ ಹುಟ್ಟುತ್ತದೆ ಎಂಬುದನ್ನು ಅರಿತರೆ ಉಳಿದ ವ್ಯವಸ್ಥೆಗಳ ಸ್ಥೂಲ ಚಿತ್ರವೂ ದೊರಕಿದಂತೆ.

ಇಲ್ಲಿ ಎರಡು ಬಗೆಯ ಅವಲಂಬನೆಗಳಿವೆ. ಮೊದಲನೆಯದು ಕಟ್ಟಲು ಬೇಕಾದುದು; ಎರಡನೆಯದು ಕಟ್ಟಿದ ಮೇಲೆ ಓಡಿಸಲು ಬೇಕಾದುದು. ಮನೆ ಕಟ್ಟುವಾಗ ಸಾರವೆ ಬೇಕು, ವಾಸಕ್ಕೆ ಬೇಡ. ಡೆಬಿಯನ್‌ನಲ್ಲಿರುವ 'ಗುಬ್ಬಿ' ಮತ್ತು 'ನವಿಲು' ಎಂಬ ಕನ್ನಡ ಅಕ್ಷರಶೈಲಿಗಳು ಇದಕ್ಕೆ ಒಳ್ಳೆಯ ನಿದರ್ಶನ. ಅಕ್ಷರಶೈಲಿಯನ್ನು ಮೂಲದಿಂದ ತಯಾರಿಸುವ ಯಂತ್ರದಲ್ಲಿ ಫಾಂಟ್‌ಫೋರ್ಜ್ ಎಂಬ ಅಕ್ಷರ ವಿನ್ಯಾಸದ ಸಾಧನ ಇರಬೇಕು. ಆದರೆ ತಯಾರಾದ ಅಕ್ಷರಶೈಲಿಯನ್ನು ಬಳಸುವ ಹಂಪಿಯ ಸಂಶೋಧಕರಿಗಾಗಲೀ ಕಂಪ್ಲಿಯ ಶಾಲಾ ಶಿಕ್ಷಕರಿಗಾಗಲೀ ಆ ಸಾಧನದ ಹೆಸರೂ ತಿಳಿದಿರಬೇಕಾಗಿಲ್ಲ.

ಕಟ್ಟಲು ಬೇಕಾದವುಗಳ ಪಟ್ಟಿಯನ್ನು ಪ್ಯಾಕೇಜ್‌ನ ಹೊಣೆ ಹೊತ್ತವರು ಕೈಯಾರೆ ಬರೆಯುತ್ತಾರೆ. 'ಇಂಥ ಸಾಧನದ ಇಂಥ ಆವೃತ್ತಿ ಅಥವಾ ಅದಕ್ಕಿಂತ ಹೊಸದು' ಎಂಬ ಮಾದರಿಯಲ್ಲಿ ಅದು ಇರುತ್ತದೆ. ಓಡಿಸಲು ಬೇಕಾದವುಗಳ ಪಟ್ಟಿಯ ಹೆಚ್ಚಿನ ಭಾಗವನ್ನು ಮಾತ್ರ ಯಾರೂ ಬರೆಯುವುದಿಲ್ಲ. ತಂತ್ರಾಂಶ ಸಿದ್ಧವಾದ ಬಳಿಕ ಡೆಬಿಯನ್‌ನ ಒಂದು ಸಾಧನ ಅದರ ಒಡಲನ್ನು ತಪಾಸಣೆ ಮಾಡುತ್ತದೆ. ಯಾವ ಲೈಬ್ರರಿಗಳ ಹೆಸರು ಒಳಗೆ ಅಚ್ಚಾಗಿದೆ, ಅವು ಈ ಯಂತ್ರದಲ್ಲಿ ಯಾವ ಪ್ಯಾಕೇಜ್‌ನಿಂದ ಬಂದಿವೆ, ಬಳಸಿಕೊಂಡಿರುವ ಸೌಲಭ್ಯಗಳು ಯಾವ ಆವೃತ್ತಿಯಿಂದೀಚೆಗೆ ಲಭ್ಯ ಎಂಬುದನ್ನು ಲೆಕ್ಕ ಹಾಕಿ ಚೀಟಿಯನ್ನು ತಾನೇ ತುಂಬುತ್ತದೆ.

ಸಂಡೂರಿನ ಪರವಾನಗಿ, ತೂಕದ ಸೇತುವೆ

ಗಣಿನಾಡಿನ ಓದುಗರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಡೂರಿನಿಂದ ಹೊರಡುವ ಅದಿರಿನ ಲಾರಿಯ ಬಳಿ ಪರವಾನಗಿ ಇರುತ್ತದೆ. ಅದರಲ್ಲಿ ಇಂತಿಷ್ಟು ಟನ್ ಎಂದು ಬರೆದಿರುತ್ತದೆ. ಲಾರಿಯಲ್ಲಿ ನಿಜಕ್ಕೂ ಎಷ್ಟಿದೆ ಎಂಬುದು ತಿಳಿಯುವುದು ತೂಕದ ಸೇತುವೆಯ ಮೇಲೆ. ಬರೆದ ಲೆಕ್ಕಕ್ಕೂ ತೂಗಿದ ಲೆಕ್ಕಕ್ಕೂ ತಾಳೆಯಾಗದಿದ್ದುದರ ಪರಿಣಾಮವೇನೆಂಬುದನ್ನು ಅಂದಿನ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು 2011ರ ಜುಲೈ 27ರಂದು ಸಲ್ಲಿಸಿದ ವರದಿ ನಾಡಿಗೆ ತೋರಿಸಿಕೊಟ್ಟಿತು. ಎರಡೇ ದಿನಗಳಲ್ಲಿ, ಜುಲೈ 29ರಂದು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ಸ್ಥಗಿತಗೊಳಿಸಿತು.

ತಂತ್ರಾಂಶದ ಪ್ಯಾಕೇಜ್‌ನಲ್ಲಿ ಕೈಯಾರೆ ಬರೆದ ಪಟ್ಟಿ ಪರವಾನಗಿಯಾದರೆ, ಸಾಧನ ಲೆಕ್ಕ ಹಾಕಿದ ಪಟ್ಟಿ ತೂಕದ ಸೇತುವೆಯ ಚೀಟಿ. ಎರಡನೆಯದು ಹೆಚ್ಚು ನಂಬಲರ್ಹ ಎಂಬುದರಲ್ಲಿ ಸಂದೇಹವಿಲ್ಲ. ಮನುಷ್ಯ ಮರೆಯಬಹುದು, ಯಂತ್ರ ಮರೆಯದು. ಆದರೆ ಅದಕ್ಕೊಂದು ಮಿತಿ ಇದೆ. ಆ ಚೀಟಿ ಹೇಳುವುದು ಕಟ್ಟಿದ ಯಂತ್ರದಲ್ಲಿ ಏನಿತ್ತು ಎಂಬುದನ್ನೇ ಹೊರತು, ತಂತ್ರಾಂಶಕ್ಕೆ ಸ್ವಭಾವತಃ ಏನು ಬೇಕು ಎಂಬುದನ್ನಲ್ಲ. ಸಮಸ್ಯೆಗಳ ಬೇರು ಇರುವುದು ಇಲ್ಲಿಯೇ.

ಒಂದೇ ಮೂಲ, ಎರಡು ಚೀಟಿ

ಒಂದು ಕಲ್ಪಿತ ಸನ್ನಿವೇಶವನ್ನು ತೆಗೆದುಕೊಳ್ಳಬಹುದು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆ ಅದರ ಕೇಂದ್ರವಾಯಿತು, ಹಂಪಿಯೂ ಅದರೊಂದಿಗೆ ಬಂದಿತು. ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಎರಡು ಜಿಲ್ಲೆಗಳ ಕಚೇರಿಗಳಿಗೂ ಒಂದೇ ಕನ್ನಡ ತಂತ್ರಾಂಶವನ್ನು ಒದಗಿಸಬೇಕಿದೆ ಎಂದಿಟ್ಟುಕೊಳ್ಳೋಣ. ಒಂದೆಡೆ ಉಬುಂಟು 20.04, ಮತ್ತೊಂದೆಡೆ ಉಬುಂಟು 22.04 ಇವೆ. ಮೂಲ ಸಂಕೇತ ಒಂದೇ, ಒಂದಕ್ಷರವೂ ಬದಲಾಗಿಲ್ಲ. ಆ ತಂತ್ರಾಂಶ ಐಸಿಯು ಎಂಬ ಲೈಬ್ರರಿಯನ್ನು ಬಳಸುತ್ತದೆ. ಜಗತ್ತಿನ ಲಿಪಿಗಳ ಅಕ್ಷರಗಳನ್ನು ಗುರುತಿಸುವುದು, ಅಕಾರಾದಿಯಲ್ಲಿ ಜೋಡಿಸುವುದು, ಪದಗಳ ಎಲ್ಲೆ ಕಂಡುಹಿಡಿಯುವುದು ಐಸಿಯುವಿನ ಕೆಲಸ. ಲಿಬ್ರೆಆಫೀಸ್‌ನಂತಹ ಪ್ರಸಿದ್ಧ ಕಚೇರಿ ತಂತ್ರಾಂಶವೂ ಅದನ್ನು ನೆಚ್ಚಿಕೊಂಡಿದೆ.

ಮೊದಲ ಯಂತ್ರದಲ್ಲಿ ಕಟ್ಟಿದರೆ ಚೀಟಿಯಲ್ಲಿ 'ಐಸಿಯು 66 ಬೇಕು' ಎಂದೂ, ಎರಡನೆಯದರಲ್ಲಿ ಕಟ್ಟಿದರೆ 'ಐಸಿಯು 70 ಬೇಕು' ಎಂದೂ ಬರುತ್ತದೆ. ಐಸಿಯು ತನ್ನ ಪ್ರತಿ ದೊಡ್ಡ ಆವೃತ್ತಿಯಲ್ಲಿ ಒಳಗಿನ ಕಾರ್ಯಗಳ ಹೆಸರಿನ ಕೊನೆಗೂ ಆವೃತ್ತಿ ಸಂಖ್ಯೆಯನ್ನು ಅಂಟಿಸುವುದರಿಂದ ಒಂದಕ್ಕೆ ಕಟ್ಟಿದ್ದು ಇನ್ನೊಂದರ ಮೇಲೆ ಓಡುವುದಿಲ್ಲ. ಬಳ್ಳಾರಿಯ ಕಚೇರಿಗೆ ಕಟ್ಟಿದ ಪ್ಯಾಕೇಜನ್ನು ಹೊಸಪೇಟೆಯಲ್ಲಿ ಅಳವಡಿಸಹೊರಟ ಸಿಬ್ಬಂದಿಗೆ ಕಾಣುವುದು 'ಅವಲಂಬನೆ ಪೂರೈಕೆಯಾಗಿಲ್ಲ' ಎಂಬ ಸಂದೇಶ. ತಂತ್ರಾಂಶ ಬರೆದವರು ಇದನ್ನು ಎಲ್ಲಿಯೂ ಬರೆದಿರುವುದಿಲ್ಲ; ಮೂಲದಲ್ಲಿ ಹುಡುಕಿದರೆ ಆ ಸಂಖ್ಯೆ ಸಿಗುವುದೂ ಇಲ್ಲ.

ಇದು ಕೇವಲ ಸಂಖ್ಯೆಗಳ ಜಗಳವಲ್ಲ ಎಂಬುದು ಕನ್ನಡಿಗರು ಗಮನಿಸಬೇಕಾದ ಸಂಗತಿ. ಐಸಿಯು 66 ಅನುಸರಿಸುವುದು ಯುನಿಕೋಡ್ 13ನೇ ಆವೃತ್ತಿಯನ್ನು. ಐಸಿಯು 70 ಅನುಸರಿಸುವುದು 14ನೆಯದನ್ನು. 2021ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಈ 14ನೇ ಆವೃತ್ತಿಯಲ್ಲಿಯೇ ಕನ್ನಡದ 'ನಕಾರ ಪೊಲ್ಲು' ಎಂಬ ಅಕ್ಷರ ಸೇರಿದ್ದು. ಸ್ವರವಿಲ್ಲದ ನಕಾರವನ್ನು ಸೂಚಿಸಲು ಹಳೆಯ ಬರಹಗಳಲ್ಲಿ ಬಳಕೆಯಲ್ಲಿದ್ದ ಚಿಹ್ನೆ ಅದು. 1991ರಲ್ಲಿ ಸ್ಥಾಪನೆಯಾಗಿ ಹಂಪಿಯ ವಿದ್ಯಾರಣ್ಯದಲ್ಲಿ ನೆಲೆ ನಿಂತಿರುವ ಕನ್ನಡ ವಿಶ್ವವಿದ್ಯಾಲಯ ಶಾಸನ ಸಂಪುಟಗಳನ್ನು ಪ್ರಕಟಿಸಿರುವ ಸಂಸ್ಥೆ. ಶಾಸನ, ತಾಳೆಗರಿ, ಹಳೆಯ ಮುದ್ರಣಗಳನ್ನು ಇದ್ದಂತೆಯೇ ಗಣಕಕ್ಕೆ ಏರಿಸುವ ವಿದ್ವಾಂಸರಿಗೆ ಇಂತಹ ಅಕ್ಷರ ಅನಿವಾರ್ಯ. ಆದರೆ ಹಳೆಯ ಐಸಿಯುವಿನ ಮೇಲೆ ಕಟ್ಟಿದ ತಂತ್ರಾಂಶಕ್ಕೆ ಅದು ಅಕ್ಷರವೆಂದೇ ತಿಳಿಯದು. ಹುಡುಕಾಟ ಮತ್ತು ಅಕಾರಾದಿ ಜೋಡಣೆಯಲ್ಲಿ ಅದಕ್ಕೆ ಸರಿಯಾದ ಸ್ಥಾನ ಸಿಗದು. ತೆರೆಯ ಮೇಲೆ ಮೂಡಲು ಅಕ್ಷರಶೈಲಿಯಲ್ಲಿಯೂ ಆ ಆಕೃತಿ ಇರಬೇಕು ಎಂಬುದು ಬೇರೆ ಮಾತು. ಶಾಸನ ಕಡೆದ ಕಲ್ಲು ಶತಮಾನಗಳ ಕಾಲ ಉಳಿಯಿತು. ಅದರ ಪಾಠವನ್ನು ಓದಬಲ್ಲ ತಂತ್ರಾಂಶ ಮಾತ್ರ ಎಲ್ಲೋ ಕಟ್ಟಿದ ಯಂತ್ರವೊಂದರ ಹಂಗಿನಲ್ಲಿದೆ.

ಹೊಸ ಯಂತ್ರದಲ್ಲಿ ಕಟ್ಟಿ ಹಳೆಯದಕ್ಕೆ ಒಯ್ದಾಗ ಎದುರಾಗುವ ತೊಂದರೆ ಇನ್ನೂ ಸಾಮಾನ್ಯವಾದುದು. ಲಿನಕ್ಸ್‌ನ ಬಹುತೇಕ ಎಲ್ಲ ತಂತ್ರಾಂಶಗಳಿಗೂ ಜಿ-ಲಿಬ್-ಸಿ ಎಂಬ ಮೂಲ ಲೈಬ್ರರಿ ಬೇಕು. ಉಬುಂಟು 20.04ರಲ್ಲಿ ಇರುವುದು ಅದರ 2.31ನೇ ಆವೃತ್ತಿ; 22.04ರಲ್ಲಿ 2.35. ಹೊಸದರಲ್ಲಿ ಕಟ್ಟಿದ ಪುಟ್ಟ ತಂತ್ರಾಂಶವೂ ಸಾಮಾನ್ಯವಾಗಿ ಕನಿಷ್ಠ 2.34 ಬೇಕೆಂದು ಹಟ ಹಿಡಿಯುತ್ತದೆ. ಏಕೆಂದರೆ ತಂತ್ರಾಂಶ ಚಾಲೂ ಆಗುವ ಮೊದಲ ಹೆಜ್ಜೆಯ ಕಾರ್ಯಕ್ಕೇ 2.34ರಲ್ಲಿ ಹೊಸ ಮುದ್ರೆ ಬಿದ್ದಿದೆ. ತಂತ್ರಾಂಶವು ಹೊಸ ಸೌಲಭ್ಯ ಒಂದನ್ನೂ ಬಳಸಿರುವುದಿಲ್ಲ. ಅದೇ ಮೂಲವನ್ನು ಹಳೆಯ ಯಂತ್ರದಲ್ಲಿ ಮತ್ತೆ ಕಟ್ಟಿದರೆ ತಕರಾರಿಲ್ಲದೆ ಓಡುತ್ತದೆ. ಅಂದರೆ ಮೂಲ ಕೈಯಲ್ಲಿದ್ದವರಿಗೆ ಇದು ಕೆಲವು ನಿಮಿಷಗಳ ಕೆಲಸ. ಸಿದ್ಧರೂಪ ಮಾತ್ರ ಇದ್ದವರಿಗೆ ಹೊಸ ವ್ಯವಸ್ಥೆಗೆ, ಒಮ್ಮೊಮ್ಮೆ ಹೊಸ ಗಣಕಯಂತ್ರಕ್ಕೇ, ಹಣ ತೆರಬೇಕಾದ ಪರಿಸ್ಥಿತಿ. ಉಬುಂಟು 20.04ರ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಲ್ಲಿ ಕೊನೆಗೊಂಡಿದೆ ಎಂಬುದನ್ನು ನೆನೆದರೆ ಈ ಪ್ರಶ್ನೆ ಎಷ್ಟು ಕಚೇರಿಗಳ ಬಾಗಿಲು ತಟ್ಟೀತು ಎಂಬುದನ್ನು ಊಹಿಸಬಹುದು.

ಒಡೆದ ಒತ್ತಕ್ಷರದ ಹಿಂದೆ

ಚೀಟಿಯಲ್ಲಿ ತಪ್ಪು ಬರೆದರೆ ಪ್ಯಾಕೇಜ್ ಅಳವಡುವುದಿಲ್ಲ. ದೋಷ ಕೂಡಲೇ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ ದೋಷ ಇದಕ್ಕಿಂತ ಅಪಾಯಕಾರಿ. ಅನೇಕ ತಂತ್ರಾಂಶಗಳು ಕಟ್ಟುವ ಹೊತ್ತಿನಲ್ಲಿ ಸುತ್ತಮುತ್ತ ಕಣ್ಣಾಡಿಸುತ್ತವೆ. ಐಚ್ಛಿಕವಾದ ಲೈಬ್ರರಿಯೊಂದು ಆ ಯಂತ್ರದಲ್ಲಿದ್ದರೆ ಅದನ್ನು ಸೇರಿಸಿಕೊಳ್ಳುತ್ತವೆ, ಇಲ್ಲದಿದ್ದರೆ ಆ ಸೌಲಭ್ಯವನ್ನು ಕೈಬಿಟ್ಟು ಮುಂದುವರಿಯುತ್ತವೆ. ಎರಡೂ ಸಂದರ್ಭಗಳಲ್ಲಿ ತಂತ್ರಾಂಶ ಸಿದ್ಧವಾಗುತ್ತದೆ, ಆವೃತ್ತಿ ಸಂಖ್ಯೆಯೂ ಒಂದೇ ಇರುತ್ತದೆ. ಸಾಮರ್ಥ್ಯ ಮಾತ್ರ ಬೇರೆ ಬೇರೆ.

ಪೈಥಾನ್ ಭಾಷೆಯಲ್ಲಿ ಚಿತ್ರಗಳನ್ನು ಸಿದ್ಧಪಡಿಸಲು ವ್ಯಾಪಕವಾಗಿ ಬಳಸುವ ಪಿಲ್ಲೋ ಎಂಬ ಲೈಬ್ರರಿ ಇದಕ್ಕೆ ತಕ್ಕ ಉದಾಹರಣೆ. ಪ್ರಮಾಣಪತ್ರ, ಗುರುತಿನ ಚೀಟಿ, ಆಹ್ವಾನ ಪತ್ರಿಕೆಗಳ ಮೇಲೆ ಹೆಸರು ಮೂಡಿಸಲು ಅದನ್ನು ಬಳಸಬಹುದು. ಕನ್ನಡದಂತಹ ಲಿಪಿಯಲ್ಲಿ ವ್ಯಂಜನ, ಸ್ವರಚಿಹ್ನೆ, ಒತ್ತುಗಳನ್ನು ಕೂಡಿಸಿ ಒಂದು ಆಕೃತಿಯಾಗಿಸಬೇಕು. ಈ ಕೆಲಸಕ್ಕೆ ಪಿಲ್ಲೋ ನೆಚ್ಚುವುದು ರಕ್ಮ್ ಎಂಬ ಐಚ್ಛಿಕ ಲೈಬ್ರರಿಯನ್ನು. ಅದು ಹಾರ್ಫ್‌ಬಝ್ ಎಂಬ ಅಕ್ಷರ ಜೋಡಣೆಯ ಲೈಬ್ರರಿಯನ್ನು ನೆಚ್ಚುತ್ತದೆ. ಮೂಲದಿಂದ ಕಟ್ಟುವಾಗ ರಕ್ಮ್ ಇಲ್ಲದಿದ್ದರೆ ಪಿಲ್ಲೋ ಯಾವ ಗದ್ದಲವನ್ನೂ ಮಾಡದೆ ಸರಳ ಜೋಡಣೆಗೆ ಇಳಿಯುತ್ತದೆ. ಆಂಗ್ಲ ಹೆಸರುಗಳಿಗೆ ಇದರಿಂದ ಬಾಧಕವಿಲ್ಲ. ಕನ್ನಡದಲ್ಲಿ 'ಹೊಸಪೇಟೆ'ಯ ಗುಣಿತಾಕ್ಷರಗಳು ಸಡಿಲಗೊಳ್ಳುತ್ತವೆ. 'ಕಂಪ್ಲಿ' ಒಡೆದು 'ಕಂಪ್‌ಲಿ' ಆಗುತ್ತದೆ. ಕಟ್ಟಿದ ಯಂತ್ರದ ಮುಂದೆ ಕುಳಿತವರು ಆಂಗ್ಲ ಹೆಸರುಗಳಲ್ಲಿಯೇ ಪರೀಕ್ಷಿಸಿ ತೃಪ್ತರಾಗಿದ್ದರೆ ದೋಷ ಬೆಳಕಿಗೆ ಬರುವುದು ಪ್ರಮಾಣಪತ್ರ ವಿದ್ಯಾರ್ಥಿಯ ಕೈ ಸೇರಿದ ಮೇಲೆ. ಪಿಲ್ಲೋ ತಂಡ 8.2 ಆವೃತ್ತಿಯಿಂದೀಚೆಗೆ ತಾನೇ ಕಟ್ಟಿಕೊಡುವ ಪ್ಯಾಕೇಜ್‌ಗಳಲ್ಲಿ ರಕ್ಮ್ ಅನ್ನು ಸೇರಿಸುತ್ತಿದೆ. ಮೂಲದಿಂದ ತಾವೇ ಕಟ್ಟಿಕೊಳ್ಳುವವರು ಮಾತ್ರ ಎಚ್ಚರ ವಹಿಸಬೇಕಾಗುತ್ತದೆ.

ಈ ಬಗೆಯ ಆಕಸ್ಮಿಕಗಳನ್ನು ತಪ್ಪಿಸಲು ಡೆಬಿಯನ್‌ನಂತಹ ವ್ಯವಸ್ಥೆಗಳು ಕಂಡುಕೊಂಡ ಮಾರ್ಗ 'ಖಾಲಿ ಕೋಣೆ'ಯಲ್ಲಿ ಕಟ್ಟುವುದು. ಪ್ರತಿ ಬಾರಿಯೂ ಬರಿದಾದ ಕೃತಕ ಯಂತ್ರವೊಂದನ್ನು ಸೃಷ್ಟಿಸಿ, ಕೈಯಾರೆ ಬರೆದ ಪಟ್ಟಿಯಲ್ಲಿರುವುದನ್ನಷ್ಟೇ ಅದರೊಳಗೆ ಇಟ್ಟು ಕಟ್ಟಲಾಗುತ್ತದೆ. ಪಟ್ಟಿಯಲ್ಲಿ ಬರೆಯಲು ಮರೆತದ್ದು ಕೋಣೆಯಲ್ಲಿಯೂ ಇರುವುದಿಲ್ಲವಾದ್ದರಿಂದ, ಅದು ಅತ್ಯಗತ್ಯವಾಗಿದ್ದರೆ ಕಟ್ಟುವ ಕೆಲಸವೇ ನಿಂತು ಲೋಪ ಬಯಲಾಗುತ್ತದೆ. ಐಚ್ಛಿಕವಾದುದನ್ನು ಸೇರಿಸಬೇಕೇ ಬೇಡವೇ ಎಂಬುದೂ ಬರೆದು ನಿರ್ಧರಿಸುವ ವಿಷಯವಾಗುತ್ತದೆ, ಆಕಸ್ಮಿಕಕ್ಕೆ ಎಡೆಯಿರುವುದಿಲ್ಲ.

ಕನ್ನಡಿಗರಿಗೆ ಹಳೆಯ ಪಾಠ

ಅವಲಂಬನೆಯ ಕಷ್ಟ ಕನ್ನಡದ ಬಳಕೆದಾರರಿಗೆ ಹೊಸತೇನಲ್ಲ. ಯುನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ಮುಂತಾದ ತಂತ್ರಾಂಶಗಳಲ್ಲಿ ಸಿದ್ಧಪಡಿಸಿದ ಕಡತಗಳನ್ನು ಅವುಗಳದೇ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಆಂಗ್ಲ ಅಕ್ಷರಗಳ ರಾಶಿ ಕಾಣುತ್ತಿತ್ತು. ಪಠ್ಯವೇ ಒಂದು ಅಕ್ಷರಶೈಲಿಗೆ ಅಂಟಿಕೊಂಡಿತ್ತು. ಆ ಅಂಟನ್ನು ಕಡತದ ಮೇಲೆ ಯಾರೂ ಬರೆದಿರಲಿಲ್ಲ. ಯುನಿಕೋಡ್‌ಗೆ ಪರಿವರ್ತಿಸಲು ಸಾಧ್ಯವಾದದ್ದು ಯಾವ ಸಂಕೇತ ಯಾವ ಅಕ್ಷರದ ತುಣುಕು ಎಂಬ ನಕ್ಷೆ ತಿಳಿದ ಮೇಲಷ್ಟೇ. ಪಠ್ಯದ ಮಟ್ಟದಲ್ಲಿ ಕಲಿತ ಆ ಪಾಠವನ್ನು ತಂತ್ರಾಂಶದ ಮಟ್ಟದಲ್ಲಿ ಇನ್ನೂ ಕಲಿಯಬೇಕಾಗಿದೆ.

ಕಟ್ಟುವ ಹಾದಿಯಲ್ಲೇ ಕನ್ನ

ಅನುಕೂಲದ ಪ್ರಶ್ನೆಯಾಗಿದ್ದ ಅವಲಂಬನೆ ಸುರಕ್ಷತೆಯ ಪ್ರಶ್ನೆಯಾಗಿ ಬದಲಾದದ್ದು ಎರಡು ಘಟನೆಗಳಿಂದ. 2021ರ ಡಿಸೆಂಬರ್‌ನಲ್ಲಿ ಜಾವಾ ತಂತ್ರಾಂಶಗಳು ಬಳಸುವ ಲಾಗ್4ಜೆ ಎಂಬ ಲೈಬ್ರರಿಯಲ್ಲಿನ ಗಂಭೀರ ದೋಷ ಬಹಿರಂಗವಾಯಿತು. ದೋಷ ಸರಿಪಡಿಸುವುದಕ್ಕಿಂತಲೂ ಅದು ತಮ್ಮ ಯಾವ ಯಾವ ತಂತ್ರಾಂಶಗಳ ಒಡಲಲ್ಲಿದೆ ಎಂದು ಹುಡುಕುವುದೇ ಜಗತ್ತಿನ ಸಂಸ್ಥೆಗಳಿಗೆ ಕಷ್ಟವಾಯಿತು. ಒಂದರೊಳಗೊಂದು ಸೇರಿಕೊಂಡಿದ್ದ ಅವಲಂಬನೆಗಳ ಪಟ್ಟಿ ಬಹುತೇಕರ ಬಳಿ ಇರಲಿಲ್ಲ.

ಎರಡನೆಯದು ಇನ್ನೂ ಸೂಕ್ಷ್ಮವಾದುದು. ಕಡತ ಕುಗ್ಗಿಸುವ ಎಕ್ಸ್‌ಝಡ್ ಎಂಬ ಮುಕ್ತ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳದಾರಿಯೊಂದನ್ನು ಅಡಗಿಸಲಾಗಿತ್ತು. ದೂರದಿಂದ ಗಣಕವನ್ನು ಪ್ರವೇಶಿಸುವ ಸೌಲಭ್ಯ ಅರ್ಧ ಕ್ಷಣ ನಿಧಾನವಾದುದನ್ನು ಗಮನಿಸಿದ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞ ಅದರ ಜಾಡು ಹಿಡಿದು 2024ರ ಮಾರ್ಚ್ 29ರಂದು ಬಹಿರಂಗಪಡಿಸಿದರು. ಎಲ್ಲರೂ ನೋಡಬಲ್ಲ ಮೂಲ ಸಂಗ್ರಹದಲ್ಲಿ ಇಲ್ಲದ ಒಂದು ಸಣ್ಣ ಸೂಚನೆ, ಕಟ್ಟುವವರಿಗೆಂದು ಬಿಡುಗಡೆ ಮಾಡಿದ ಕಟ್ಟಿನಲ್ಲಿ ಮಾತ್ರ ಇತ್ತು. ಪ್ಯಾಕೇಜ್ ಕಟ್ಟುತ್ತಿರುವಾಗ, ಅದೂ ಡೆಬಿಯನ್ ಅಥವಾ ಆರ್‌ಪಿಎಂ ಮಾದರಿಯಲ್ಲಿ ಕಟ್ಟುತ್ತಿರುವಾಗ ಮಾತ್ರ, ಅದು ಎಚ್ಚೆತ್ತು ಕೇಡನ್ನು ಸೇರಿಸುತ್ತಿತ್ತು.

ಮತ್ತೊಂದು ಅಂಶವೂ ಗಮನಾರ್ಹ. ದಾಳಿಯ ಗುರಿಯಾಗಿದ್ದ ಓಪನ್ ಎಸ್‌ಎಸ್‌ಎಚ್ ತಂತ್ರಾಂಶ ಎಕ್ಸ್‌ಝಡ್ ಅನ್ನು ಬಳಸುವುದೇ ಇಲ್ಲ. ಕೆಲವು ಲಿನಕ್ಸ್ ವಿತರಕರು ತಮ್ಮ ವ್ಯವಸ್ಥೆಗೆ ಹೊಂದಿಸಲು ಅದಕ್ಕೆ ಸಿಸ್ಟಂಡಿಯ ಲೈಬ್ರರಿಯನ್ನು ಜೋಡಿಸಿದ್ದರು. ಆ ಲೈಬ್ರರಿ ಎಕ್ಸ್‌ಝಡ್ ಅನ್ನು ನೆಚ್ಚಿತ್ತು. ಅಂದರೆ ತಂತ್ರಾಂಶ ಬರೆದವರು ಕನಸಿನಲ್ಲಿಯೂ ನೆನೆಯದ ಅವಲಂಬನೆ ಕಟ್ಟುವವರ ಕೈಯಲ್ಲಿ ಹುಟ್ಟಿಕೊಂಡಿತ್ತು. ಕೇಡು ಡೆಬಿಯನ್‌ನ ಪ್ರಯೋಗ ಹಂತದ ಆವೃತ್ತಿಗಳಿಗೆ ತಲಪಿದ್ದರೂ ಜನಬಳಕೆಯ ಸ್ಥಿರ ಆವೃತ್ತಿಗೆ ಸೇರುವ ಮುನ್ನವೇ ಸಿಕ್ಕಿಬಿದ್ದದ್ದು ಅದೃಷ್ಟವೆಂದೇ ಹೇಳಬೇಕು.

ಪಟ್ಟಿ ಕೇಳುವ ಕಾಲ

ಈ ಘಟನೆಗಳ ಬಳಿಕ ಪರಿಹಾರಗಳು ಎರಡು ದಿಕ್ಕಿನಲ್ಲಿ ಸಾಗಿವೆ. ಮೊದಲನೆಯದು ಮರುಸೃಷ್ಟಿ. ಕಟ್ಟಿದ ಯಂತ್ರದಲ್ಲಿದ್ದ ಪ್ರತಿಯೊಂದು ಪ್ಯಾಕೇಜ್‌ನ ಕರಾರುವಾಕ್ಕಾದ ಆವೃತ್ತಿಯನ್ನು ಡೆಬಿಯನ್ ಪ್ರತ್ಯೇಕ ಕಡತದಲ್ಲಿ ದಾಖಲಿಸಿಡುತ್ತದೆ. ಅದನ್ನು ಹಿಡಿದು ಬೇರೊಬ್ಬರು ಬೇರೊಂದೆಡೆ ಅದೇ ಪರಿಸರವನ್ನು ಮರುಸೃಷ್ಟಿಸಿ ಕಟ್ಟಿದಾಗ ಒಂದು ಬಿಟ್ ಕೂಡ ವ್ಯತ್ಯಾಸವಿಲ್ಲದ ಪ್ಯಾಕೇಜ್ ದೊರೆಯಬೇಕೆಂಬುದು ಗುರಿ. ಎರಡು ತಕ್ಕಡಿಗಳಲ್ಲಿ ತೂಗಿ ತಾಳೆ ನೋಡುವ ಕ್ರಮವಿದು. ರಸ್ಟ್, ಜಾವಾಸ್ಕ್ರಿಪ್ಟ್ ಮುಂತಾದ ಭಾಷೆಗಳಲ್ಲಿಯೂ ಒಮ್ಮೆ ಕಟ್ಟಿದಾಗ ಬಳಸಿದ ಆವೃತ್ತಿಗಳನ್ನು 'ಲಾಕ್' ಕಡತದಲ್ಲಿ ಬರೆದಿಟ್ಟು ಮುಂದೆಯೂ ಅದನ್ನೇ ಅನುಸರಿಸುವ ಪದ್ಧತಿ ಇದೆ.

ಎರಡನೆಯದು ತಂತ್ರಾಂಶದ ಒಳಗಿರುವ ಘಟಕಗಳ ಪಟ್ಟಿಯನ್ನು ಖರೀದಿದಾರರಿಗೆ ಕೊಡುವುದು. ಎಸ್‌ಬಿಒಎಂ ಎಂದು ಕರೆಯಲಾಗುವ ಈ ಪಟ್ಟಿಯ ಕುರಿತು ಭಾರತದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಜುಲೈನಲ್ಲಿ ಅದರ ವಿಸ್ತೃತ ಎರಡನೇ ಆವೃತ್ತಿ ಬಂದಿತು. ಸರ್ಕಾರ, ಸಾರ್ವಜನಿಕ ವಲಯ ಹಾಗೂ ಅಗತ್ಯ ಸೇವೆಗಳನ್ನು ಗಮನದಲ್ಲಿಟ್ಟು ಇದನ್ನು ರೂಪಿಸಲಾಗಿದೆ. ಐರೋಪ್ಯ ಒಕ್ಕೂಟದ ಸೈಬರ್ ಕಾಯಿದೆ ಕೂಡ 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದಿದ್ದು, ಅದರ ಮುಖ್ಯ ಹೊಣೆಗಾರಿಕೆಗಳು 2027ರ ಡಿಸೆಂಬರ್‌ನಿಂದ ಅನ್ವಯಿಸಲಿವೆ. ಕೇಂದ್ರ ಸರ್ಕಾರದ ಮುಕ್ತ ತಂತ್ರಾಂಶ ನೀತಿ 2015ರಿಂದಲೇ ಅಸ್ತಿತ್ವದಲ್ಲಿದೆ.

ಪಟ್ಟಿಯೊಂದೇ ರಾಮಬಾಣವೆಂದು ಭಾವಿಸುವುದು ತಪ್ಪಾದೀತು. ತಂತ್ರಾಂಶ ಬರೆದವರು ಕೊಟ್ಟ ಪಟ್ಟಿಯನ್ನೇ ನಕಲು ಮಾಡಿ ಸಲ್ಲಿಸಿದರೆ ಅದು ಮತ್ತೆ ಪರವಾನಗಿಯ ಕಾಗದವಾದೀತೇ ಹೊರತು ತೂಕದ ಚೀಟಿಯಾಗದು. ಕಟ್ಟುವ ಹಂತದಲ್ಲಿ, ಕಟ್ಟಿದ ಯಂತ್ರದಲ್ಲಿ ತೆಗೆದ ಪಟ್ಟಿಗೆ ಮಾತ್ರ ಬೆಲೆ. ಹಾಗೆಯೇ ಆವೃತ್ತಿಗಳನ್ನು ಬಿಗಿಯಾಗಿ ಕಟ್ಟಿಹಾಕಿದರೆ ಸ್ಥಿರತೆ ದೊರೆಯುತ್ತದೆ ನಿಜ, ಆದರೆ ದೋಷವಿರುವ ಹಳೆಯ ಆವೃತ್ತಿಯೂ ಅಲ್ಲಿಯೇ ಬೇರೂರುವ ಅಪಾಯವಿದೆ. ಸಣ್ಣ ಕಚೇರಿಗಳು, ಕಾಲೇಜುಗಳು ಎಲ್ಲವನ್ನೂ ತಾವೇ ಮೂಲದಿಂದ ಕಟ್ಟಿಕೊಳ್ಳಬೇಕೆಂದು ನಿರೀಕ್ಷಿಸುವುದೂ ಕಾರ್ಯಸಾಧ್ಯವಲ್ಲ. ಅದಕ್ಕೆ ಬೇಕಾದ ಸಮಯ, ಪರಿಣತಿ ಎಲ್ಲೆಡೆ ಇಲ್ಲ.

ಆದರೆ ಕಟ್ಟದಿರುವುದಕ್ಕೂ ಕಟ್ಟಲು ಸಾಧ್ಯವೇ ಆಗದ ಸ್ಥಿತಿಗೆ ತಲಪುವುದಕ್ಕೂ ಬಹಳ ಅಂತರವಿದೆ. ಸಾರ್ವಜನಿಕ ಹಣದಲ್ಲಿ ತಂತ್ರಾಂಶ ಮಾಡಿಸುವಾಗ ಟೆಂಡರ್ ದಾಖಲೆಯಲ್ಲಿ ನಾಲ್ಕು ಅಂಶಗಳನ್ನು ಕೇಳುವುದು ಕಷ್ಟದ ಕೆಲಸವಲ್ಲ: ಮೂಲ ಸಂಕೇತ, ಅದನ್ನು ಖಾಲಿ ಯಂತ್ರದಲ್ಲಿ ಕಟ್ಟುವ ಲಿಖಿತ ಕ್ರಮ, ಕಟ್ಟಿದಾಗ ಇದ್ದ ಪ್ರತಿ ಘಟಕದ ಆವೃತ್ತಿಯ ಪಟ್ಟಿ, ಹಾಗೂ ಹಸ್ತಾಂತರಕ್ಕೆ ಮುನ್ನ ಬೇರೊಂದು ಯಂತ್ರದಲ್ಲಿ ಒಮ್ಮೆಯಾದರೂ ಕಟ್ಟಿ ತೋರಿಸುವ ಪರೀಕ್ಷೆ. ಕನ್ನಡದ ತಂತ್ರಾಂಶವಾದರೆ ಆ ಪರೀಕ್ಷೆಯನ್ನು ಒತ್ತಕ್ಷರಗಳಿರುವ ನಿಜವಾದ ಹೆಸರುಗಳ ಮೇಲೆಯೇ ನಡೆಸಬೇಕು. ಈ ನಾಲ್ಕರಲ್ಲಿ ಯಾವುದನ್ನೂ ತಂತ್ರಾಂಶ ಕೈಕೊಟ್ಟ ದಿನ ಹುಡುಕಹೊರಟರೆ ಪ್ರಯೋಜನವಿಲ್ಲ. ಬರೆದ ಸಂಸ್ಥೆ ಮುಚ್ಚಿರಬಹುದು, ಕಟ್ಟಿದ ಯಂತ್ರ ಗುಜರಿ ಸೇರಿರಬಹುದು.

19ನೇ ಗೇಟಿನ ಕಿಂಡಿಯ ಅಳತೆ ಕಲ್ಲು ಗಾರೆಯ ಕಂಬಗಳಲ್ಲೇ ಉಳಿದಿತ್ತು. ಗೇಟು ಹೋದರೂ ಅಳೆದು ನೋಡಲು ಕಂಬಗಳಿದ್ದವು. ತಂತ್ರಾಂಶದಲ್ಲಿ ಆ ಅಳತೆ ಉಳಿಯುವುದು ಕಟ್ಟಿದ ದಿನ ಯಾರಾದರೂ ಬರೆದಿಟ್ಟಿದ್ದರೆ ಮಾತ್ರ.